ಮಂಡಿಯ ಮೇಲಿನ ಹೊಲಿಗೆ

ಹೊಲಿಗೆ ಬಹಳ ನೇರವಾಗಿತ್ತು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅಮ್ಮನ ಹೊಲಿಗೆ ಮಿಷನ್ನಿನ ಮೇಲೆ ದಪ್ಪ ಬಟ್ಟೆಯ, ಕಿತ್ತಳೆ ಬಣ್ಣದ ಪ್ಯಾಂಟೊಂದು ಹರಡಿಕೊಂಡಿತ್ತು. ತೊಡೆಯಿಂದ ಮಂಡಿ ದಾಟಿ ಕಣಕಾಲಿನವರೆಗೆ, ರಜಾಯಿಗೆ ಹಾಕುವ ಹಾಗೆ, ಉದ್ದಕ್ಕೂ ಅಡ್ಡಕ್ಕೂ ಸೀಮೆಸುಣ್ಣದ ಗೆರೆಗಳು. ಒಂದು ಗೆರೆಯ ಮೇಲೆ ಆಗಲೇ ಕಪ್ಪು ದಾರ ಓಡಿತ್ತು.

ನಾನು ಕಾಫಿ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತೆ.

“ಇದ್ಯಾಕಮ್ಮ ಇಲ್ಲಿದೆ?”

“ಬೀರೇಶಂದು ಕಣೆ. ಬೆಳಗ್ಗೆ ನಿಮ್ಮಪ್ಪನ ಜೊತೆ ಹೊರಡೋವಾಗ ಕೊಟ್ಟು ಹೋದ. ‘ಅಕ್ಕಾ, ಅಣ್ಣಂಗೆ ಮಾಡ್ಕೊಟ್ಟಂಗೇ ನಂಗೂ ಮಾಡ್ಕೊಡಿ’ ಅಂದ.” ಅಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ತೆಗೆದು ಬಟ್ಟೆಗೆ ಚುಚ್ಚಿದಳು.

“ಅಪ್ಪಂಗೆ ಏನು ಮಾಡಿಕೊಟ್ಟೆ?”

“ಹೋದ ವಾರ ನೀನು ಹೇಮಶ್ರೀ ಮದುವೆಗೆ ಹೋಗಿದ್ದೆಯಲ್ಲ, ಅವತ್ತು ಹೊಲಿದೆ. ಆ ಪ್ಯಾಂಟಿನೊಳಗೆ ಲೈನಿಂಗ್ ಎಲ್ಲ ಜೋಲಾಡ್ತಿತ್ತು. ಸೊಂಟದ ಹತ್ರ ಒಂದು ಹೊಲಿಗೆ, ಕೆಳಗೆ ಒಂದು ಹೊಲಿಗೆ, ಮಧ್ಯ ಏನಂದ್ರೆ ಏನೂ ಇಲ್ಲ. ಕೂತು ಎದ್ರೆ ಎಲ್ಲ ಬಂದು ಮಂಡಿ ಹತ್ರ ಗಂಟು ಕಟ್ಕೊಳ್ಳೋದಂತೆ. ಅಷ್ಟು ದೊಡ್ಡ ಕಂಪನಿಯವರು, ಕೆಲಸದಲ್ಲಿ ಮೋಸ ನೋಡು! ನಾನು ಒಂದು ಕಡೆ ಬಿಚ್ಚಿ, ಪದರ ಎಲ್ಲ ಸಮ ಮಾಡಿ, ಒಂದೊಂದು ಇಂಚಿಗೂ ಹೊಲಿಗೆ ಕೊಟ್ಟೆ. ಈಗ ಹಲಗೆ ಹಾಗೆ ನಿಂತಿದೆ. ನಿಮ್ಮಪ್ಪನ ಬಾಯಲ್ಲಿ ಚೆನ್ನಾಗಿದೆ ಅಂತ ಬಂತು ಅಂದ್ರೆ ನೋಡ್ಕೋ.”

ಕಾಫಿ ಲೋಟವನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ.

ನನ್ನ ಅಪ್ಪ ಶಿವಶಂಕರ್ ಮರ ಕೊಯ್ಯುವ ಕೆಲಸದವರು. ಮನೆಯ ಮೇಲೆ ವಾಲಿದ ಕೊಂಬೆ, ಗಾಳಿಗೆ ಬಿದ್ದ ಮರ, ಸೈಟಿನಲ್ಲಿ ಅಡ್ಡ ನಿಂತ ಬುಡ, ಯಾವುದಿದ್ದರೂ ವಿದ್ಯಾರಣ್ಯಪುರಂನಿಂದ ವಿಜಯನಗರದವರೆಗೂ ಜನ ಅವರಿಗೇ ಫೋನು ಮಾಡುತ್ತಾರೆ. ಗೂಡ್ಸ್ ಆಟೋದಲ್ಲಿ ಹಗ್ಗ, ಏಣಿ, ಚೈನು ಓಡಿಸಿ ಮರ ಕೊಯ್ಯುವ ಚೈನ್‌ಸಾ; ಜೊತೆಗೆ ಹಗ್ಗ ಹಿಡಿಯಲು ಬೀರೇಶ್. ಕಳೆದ ವರ್ಷ ಇಲವಾಲದ ಹತ್ತಿರ ಒಂದು ತೋಟದಲ್ಲಿ ಅಪ್ಪನ ಸ್ನೇಹಿತ ಬಸವರಾಜು ಅವರ ಕೈಯಲ್ಲಿದ್ದ ಚೈನ್‌ಸಾ ಕೊಂಬೆಯಿಂದ ಜಾರಿ ತೊಡೆಗೆ ಇಳಿದಿತ್ತು. ಅವರು ಬದುಕಿಕೊಂಡರು. ಈಗ ತಮ್ಮನ ದಿನಸಿ ಅಂಗಡಿಯಲ್ಲಿ ಒಂದು ಕಾಲು ಚಾಚಿಕೊಂಡು ಕುಳಿತಿರುತ್ತಾರೆ. ಯಾರಾದರೂ ಬಂದರೆ ಏಳಲು ನೋಡುತ್ತಾರೆ, ಆಮೇಲೆ ಬೇಡ ಅಂತ ಸುಮ್ಮನಾಗುತ್ತಾರೆ. ಅವರನ್ನು ನೋಡಿ ಬಂದ ದಿನದಿಂದ ಕಾಲು ಕಾಯುವ ಪ್ಯಾಂಟಿಗಾಗಿ ನಾನು ಅಪ್ಪನ ಬೆನ್ನು ಬಿದ್ದಿದ್ದೆ. ಬಾಯಿಬಿಟ್ಟು ಕೇಳುವುದು ನನ್ನ ಕೈಲಾಗುವ ಕೆಲಸವಲ್ಲ. ಹಾಗಾಗಿ ಊಟಕ್ಕೆ ಕುಳಿತಾಗ ಅವರ ತಟ್ಟೆಯ ಪಕ್ಕ ಫೋನಿಟ್ಟು ವಿಡಿಯೋ ಹಾಕುತ್ತಿದ್ದೆ. ಒಂದೇ ವಿಡಿಯೋ, ಮತ್ತೆ ಮತ್ತೆ. ಕೊನೆಗೆ ಅಪ್ಪನಿಗೆ ಸಾಕಾಗಿ ತಮಗೊಂದು, ಬೀರೇಶನಿಗೊಂದು ಪ್ಯಾಂಟು ತರಿಸಿದರು.

ಆ ವಿಡಿಯೋದಲ್ಲಿ ಇದ್ದದ್ದು ಇಷ್ಟೇ. ಒಬ್ಬ ಒಂದು ದಿಮ್ಮಿಗೆ ಆ ಪ್ಯಾಂಟು ತೊಡಿಸಿ, ಓಡುತ್ತಿರುವ ಚೈನ್‌ಸಾವನ್ನು ಅದರ ಮೇಲೆ ಇಳಿಸುತ್ತಾನೆ. ಹೊರಗಿನ ಬಟ್ಟೆ ಹರಿಯುತ್ತದೆ. ಒಳಗಿನ ಬಿಳಿ ಎಳೆಗಳು ಚೈನಿಗೆ ಸಿಕ್ಕಿ, ಮಾರುದ್ದ ಮಾರುದ್ದ ಎಳೆದುಕೊಂಡು ಬಂದು, ಹಲ್ಲಿನ ಚಕ್ರಕ್ಕೆ ಸುತ್ತಿಕೊಂಡು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಚೈನು ನಿಂತುಬಿಡುತ್ತದೆ. ದಿಮ್ಮಿಯ ತೊಗಟೆಗೂ ಗೀರು ಬಿದ್ದಿರುವುದಿಲ್ಲ.

ಎಂ.ಎಸ್ಸಿ.ಯಲ್ಲಿ ನಾನು ಪಾಲಿಮರ್ ಓದಿದವಳು. ಆ ಎಳೆ ಏನು ಅಂತ ನನಗೆ ಗೊತ್ತು. ಪ್ಲಾಸ್ಟಿಕ್ ಚೀಲದ ಸಂಬಂಧಿಯೇ, ಆದರೆ ಅಣುಗಳನ್ನು ಎಳೆದು ಎಳೆದು ಒಂದೇ ದಿಕ್ಕಿಗೆ ಮಲಗಿಸಿರುತ್ತಾರೆ. ಅದೇ ತೂಕದ ಉಕ್ಕಿನ ತಂತಿಗಿಂತ ಎಷ್ಟೋ ಪಾಲು ಗಟ್ಟಿ. ಆದರೆ ಈ ಪ್ಯಾಂಟಿನಲ್ಲಿ ಕಾಲು ಉಳಿಸುವುದು ಬರೀ ಆ ಗಟ್ಟಿತನವಲ್ಲ. ಎಳೆ ತುಂಡಾಗದಷ್ಟು ಗಟ್ಟಿ ಇರಬೇಕು, ಚೈನು ಎಳೆದಾಗ ಅದರ ಹಿಂದೆ ಸಲೀಸಾಗಿ ಹೋಗುವಷ್ಟು ಸಡಿಲವಾಗಿಯೂ ಇರಬೇಕು. ಅದಕ್ಕೇ ಮಧ್ಯ ಒಂದೂ ಹೊಲಿಗೆ ಇರುವುದಿಲ್ಲ.

ಅಮ್ಮ ಒಂದೊಂದು ಇಂಚಿಗೂ ಹೊಲಿಗೆ ಹಾಕಿದ್ದಳು. ಕೆಲಸದ ಜಾಗದಲ್ಲೇ ತೊಟ್ಟು ಬಿಚ್ಚುವುದರಿಂದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಪ್ಪ ಒಂದು ವಾರದಿಂದ ಅದನ್ನೇ ತೊಟ್ಟು ಕೆಲಸ ಮಾಡುತ್ತಿದ್ದರು. ಈಗಲೂ.

ಅಪ್ಪನಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಬೀರೇಶನದು ಸ್ವಿಚ್ ಆಫ್. ಮತ್ತೆ ಅಪ್ಪನಿಗೆ. ಫೋನನ್ನು ಅವರು ಗೂಡ್ಸ್ ಆಟೋದ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋಗುತ್ತಾರೆ, ನನಗೆ ಗೊತ್ತು. ಆದರೂ ಮಾಡುತ್ತಲೇ ಇದ್ದೆ.

ಉಳಿದದ್ದು ಅಪ್ಪ ಕೆಲಸಕ್ಕೆ ಹೋದ ಮನೆಯವರ ನಂಬರು. ರಾತ್ರಿಯ ಗಾಳಿಮಳೆಗೆ ಗುಲ್‌ಮೊಹರ್ ಮರವೊಂದು ಕಾಂಪೌಂಡಿನ ಮೇಲೆ ಬಿದ್ದಿದೆ ಅಂತ ಬೆಳಗ್ಗೆ ವಿಜಯನಗರದಿಂದ ಸುಂದರೇಶ ಅನ್ನುವವರು ಫೋನು ಮಾಡಿದಾಗ, ವಿಳಾಸ ಬರೆದುಕೊಂಡವಳು ನಾನೇ. ಗುರುತಿಲ್ಲದವರಿಗೆ ಫೋನು ಮಾಡುವುದೆಂದರೆ ನನಗೆ ಆಗದು. ಏನು ಹೇಳಬೇಕು ಅಂತ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡೆ. ನಮಸ್ಕಾರ ಸಾರ್, ನಾನು ಶಿವಶಂಕರ್ ಅವರ ಮಗಳು. ಅವರು ತಕ್ಷಣ ಎತ್ತಿಕೊಂಡರು. ಅವರ ದನಿಯ ಹಿಂದೆ ಚೈನ್‌ಸಾದ ಸದ್ದು ನನ್ನ ಕಿವಿಗೇ ಇಳಿದ ಹಾಗೆ ಕೇಳಿಸಿತು. ಜೋಡಿಸಿದ ವಾಕ್ಯ ಮರೆತುಹೋಯಿತು.

“ಅಪ್ಪ... ಅಪ್ಪ ಇದ್ದಾರಾ?”

“ಯಾರಮ್ಮ? ಓ, ಮರದವರ ಮಗಳಾ? ಇದ್ದಾರೆ, ಮರದ ಮೇಲೆ ನಿಂತಿದ್ದಾರೆ. ಈ ಸದ್ದಿಗೆ ಅವರಿಗೆ ಏನೂ ಕೇಳಿಸಲ್ಲ. ಇರು, ಹಿಂದಿನಿಂದ ಹೋಗಿ ಭುಜ ತಟ್ಟಿ ಕರೀತೀನಿ.”

“ಬೇಡ! ಬೇಡ ಸಾರ್, ಮುಟ್ಟಬೇಡಿ. ಕೂಗಲೂಬೇಡಿ. ಬೆಚ್ಚಿಬಿದ್ರೆ ಮಿಷನ್...”

“ಹಂಗಾದ್ರೆ ಏನು ಮಾಡ್ಲಿ? ಅರ್ಜೆಂಟಾ?”

“ಹೌದು. ಅಲ್ಲ... ಅವರೇ ನಿಲ್ಲಿಸಿದಾಗ ಹೇಳಿ. ಮತ್ತೆ ಶುರು ಮಾಡಬೇಡಿ ಅಂತ ಹೇಳಿ.”

“ಶುರು ಮಾಡಬೇಡಿ ಅಂದ್ರೆ ನನ್ನ ಗೇಟು ತೆರೆಯೋದು ಹೆಂಗಮ್ಮ?” ಅಂದರು ಅವರು, ನಗುತ್ತಾ. ನಾನು ಫೋನಿಟ್ಟೆ.

ಅಮ್ಮ ಮಿಷನ್ನಿನ ಮುಂದಿನಿಂದ ಎದ್ದು ಬಂದಿದ್ದಳು. “ಏನೇ ಅದು, ಮುಖ ಯಾಕೆ ಹಾಗೆ ಬಿಳಿಚಿಕೊಂಡಿದೆ?”

“ಅಪ್ಪನ ಹತ್ರ ಹೋಗ್ಬೇಕು. ಈಗಲೇ. ನೀನು ಗಾಡಿ ತೆಗಿ.”

ನನಗೆ ಸ್ಕೂಟರ್ ಓಡಿಸಲು ಬರುತ್ತದೆ, ಆದರೆ ಸರ್ಕಲ್ಲು ದಾಟಲು ಧೈರ್ಯ ಸಾಲದು. ಅಮ್ಮನಿಗೆ ಆ ಚಿಂತೆ ಇಲ್ಲ. ಬ್ಲೌಸಿನ ಬಟ್ಟೆಗೆ, ಫಾಲ್‌ಗೆ ಅಂತ ಊರೆಲ್ಲ ಸುತ್ತುವವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಪ್ರಶ್ನೆ: ಅಪ್ಪನಿಗೆ ಏನಾದರೂ ಆಯಿತಾ, ಯಾರು ಫೋನು ಮಾಡಿದ್ದು, ಯಾಕೆ ಬಾಯಿ ಬಿಡುತ್ತಿಲ್ಲ. ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ನಾನು ಅಂದಷ್ಟೂ ಅವಳು ಗಾಡಿಯನ್ನು ಜೋರಾಗಿ ಓಡಿಸಿದಳು. ಅಗ್ರಹಾರ ಸರ್ಕಲ್ಲು, ರಾಮಸ್ವಾಮಿ ಸರ್ಕಲ್ಲು. ಎಲ್ಲ ಕಡೆ ಕೆಂಪು ದೀಪ. ರಸ್ತೆಯಲ್ಲೆಲ್ಲ ರಾತ್ರಿ ಉದುರಿದ ಎಲೆ, ಮುರಿದ ರೆಂಬೆ.

ಹೇಳದೆ ಇರಲು ಆಗುತ್ತಿರಲಿಲ್ಲ. ಹೇಳಿದರೆ ಏನಾಗುತ್ತದೆ ಅಂತಲೂ ನನಗೆ ಗೊತ್ತಿತ್ತು. ಅಮ್ಮ ಓದಿದ್ದು ಕಡಿಮೆ. ನಾನು ಪುಸ್ತಕ ಹಿಡಿದು ಕುಳಿತರೆ ಟಿ.ವಿ. ಸದ್ದು ತಾನೇ ಇಳಿಸುವವಳು. ಅವಳ ಹೊಲಿಗೆಯ ಬಗ್ಗೆ ನಾನು ಒಂದು ಮಾತು ಆಡಿದವಳಲ್ಲ. ಮೆಟ್ರೋಪೋಲ್ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಅವಳ ಮುಖ ಕಾಣುತ್ತಿರಲಿಲ್ಲ. ಬೆವರಿಗೆ ಬೆನ್ನಿಗಂಟಿದ ಬ್ಲೌಸು, ಹೆಲ್ಮೆಟ್ಟಿನ ಕೆಳಗೆ ಜಡೆ, ಇಷ್ಟೇ. ಅದಕ್ಕೇ ಹೇಳಲು ಆಯಿತೋ ಏನೋ.

“ಅಮ್ಮ, ಬಾಬಿನ್ ಹತ್ರ ದಾರ ಸಿಕ್ಕಿಹಾಕಿಕೊಂಡ್ರೆ ನಿನ್ನ ಮಿಷನ್ ನಿಂತು ಹೋಗುತ್ತಲ್ಲ?”

“ಹೂಂ. ಅದಕ್ಕೇನೀಗ?”

“ಆ ಪ್ಯಾಂಟು ಕೆಲಸ ಮಾಡೋದೂ ಹಾಗೇ. ಒಳಗಡೆ ಇರೋದು ಲೈನಿಂಗ್ ಅಲ್ಲ. ಚೈನು ತಗುಲಿದ್ರೆ ಆ ಎಳೆ ಎಲ್ಲ ಕಿತ್ಕೊಂಡು ಬಂದು ಚಕ್ರಕ್ಕೆ ಸಿಕ್ಕಿ ಮಿಷನ್ ನಿಲ್ಲಿಸ್ಬೇಕು. ಅದಕ್ಕೇ ಅದನ್ನ ಜೋಲಾಡೋಕೆ ಬಿಟ್ಟಿರ್ತಾರೆ. ಹೊಲಿದುಬಿಟ್ರೆ...”

ಹಸಿರು ದೀಪ ಬಂತು. ಹಿಂದಿನವರು ಹಾರ್ನ್ ಹೊಡೆದ ಮೇಲೆ ಗಾಡಿ ಮುಂದಕ್ಕೆ ಹೋಯಿತು. ಹುಣಸೂರು ರಸ್ತೆಯಲ್ಲಿ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಡುವಾರಹಳ್ಳಿ ದಾಟಿತು. ವಿಜಯನಗರದ ಕಡೆ ತಿರುಗಬೇಕಿದ್ದ ಜಾಗವೂ ದಾಟಿಹೋಯಿತು.

“ಅಮ್ಮ, ತಿರುಗಬೇಕಿತ್ತು.”

ಅವಳು ತಿರುಗಿಸಲಿಲ್ಲ. ಹಾಗೇ ಬಿಟ್ಟಿದ್ದರೆ ಇಲವಾಲದವರೆಗೂ ಹೋಗಿಬಿಡುತ್ತಿದ್ದಳೇನೋ. ನಾನು ಭುಜ ಅಲುಗಿಸಿದೆ. ಆಗ ಎಚ್ಚರವಾದವಳ ಹಾಗೆ ಗಾಡಿಯನ್ನು ಪಕ್ಕಕ್ಕೆ ತಂದು, ಬರುವ ಲಾರಿಯನ್ನೂ ನೋಡದೆ ವಾಪಸು ತಿರುಗಿಸಿದಳು.

ಹುಡುಕುವ ಕೆಲಸವೇ ಇರಲಿಲ್ಲ. ನೀರಿನ ಟ್ಯಾಂಕಿನ ಹಿಂದಿನ ರಸ್ತೆಗೆ ಬರುವಾಗಲೇ ಸದ್ದು ಕೇಳಿಸಿತು. ಚೈನ್‌ಸಾದ ಸದ್ದು ಒಂದೇ ಸಮ ಇದ್ದರೆ ಮರ ಕೊಯ್ಯುತ್ತಿದೆ ಅಂತ. ಅದು ಏರಿ, ತಟಕ್ಕನೆ ಇಳಿದು, ಮತ್ತೆ ಏರಿದರೆ ನನ್ನ ಎದೆಯೂ ಅದರ ಜೊತೆ ಏರಿಳಿಯುತ್ತದೆ. ಗುಲ್‌ಮೊಹರ್ ಕಾಂಪೌಂಡನ್ನು ಒಡೆದುಕೊಂಡು ಅರ್ಧ ರಸ್ತೆಗೆ ಬಿದ್ದಿತ್ತು. ಅಕ್ಕಪಕ್ಕದ ಮನೆಯವರೆಲ್ಲ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಒಬ್ಬರ ಕೈಯಲ್ಲಿ ತಿಂಡಿ ತಟ್ಟೆ.

ಅಪ್ಪ ಕಾಂಡದ ಮೇಲೆ ಎರಡೂ ಕಡೆ ಕಾಲಿಟ್ಟು, ನಮಗೆ ಬೆನ್ನು ಮಾಡಿ ನಿಂತಿದ್ದರು. ಕಿವಿ ಮುಚ್ಚುವ ಹೆಲ್ಮೆಟ್ಟು. ಕಿತ್ತಳೆ ಪ್ಯಾಂಟು. ಚೈನ್‌ಸಾದ ಅಲಗು ಅವರ ಎಡ ಮಂಡಿಯಿಂದ ಒಂದು ಗೇಣಿನಷ್ಟು ಆಚೆ ಮರದೊಳಗೆ ಇಳಿಯುತ್ತಿತ್ತು.

ಅಮ್ಮ ಸ್ಕೂಟರಿಗೆ ಸ್ಟ್ಯಾಂಡನ್ನೂ ಹಾಕಲಿಲ್ಲ. ಗಾಡಿ ಬೀಳುವುದನ್ನು ನಾನು ಹಿಡಿದುಕೊಂಡೆ. ಅವಳು ನಾಲ್ಕು ಹೆಜ್ಜೆ ಓಡಿ, ಬಾಯಿ ತೆರೆದು “ರೀ” ಅನ್ನುವಷ್ಟರಲ್ಲಿ ಗಾಡಿ ಬಿಟ್ಟು ಹೋಗಿ ಅವಳ ಮಣಿಕಟ್ಟು ಹಿಡಿದೆ. ಹಿಂದೆ ಸ್ಕೂಟರ್ ಬಿದ್ದ ಸದ್ದು ಚೈನ್‌ಸಾದ ಸದ್ದಿನಲ್ಲಿ ಮುಳುಗಿಹೋಯಿತು.

“ಕೂಗಬೇಡ. ತಿರುಗಿಬಿಡ್ತಾರೆ.”

“ಮತ್ತೆ?”

“ನಿಲ್ಲಿಸೋವರೆಗೂ ಕಾಯಬೇಕು.”

“ಕಾಯಬೇಕಾ?” ಅಂದಳು ಅಮ್ಮ.

ಕಾದೆವು. ಹೇಳಬೇಕಾದ ಮಾತು ಬಾಯಲ್ಲಿದೆ, ಹೇಳಬೇಕಾದವರು ಎದುರಿಗೇ ಇದ್ದಾರೆ, ಹೇಳುವಂತಿಲ್ಲ. ನಾನು ಅವರ ಮಂಡಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅವರು ಒಂದು ಕಾಲು ಎತ್ತಿ ಮುಂದಿಟ್ಟಾಗ ಪ್ಯಾಂಟಿನ ಮೇಲಿನ ಕಪ್ಪು ಹೊಲಿಗೆಗಳು ಚೌಕ ಚೌಕವಾಗಿ ಬಿಗಿದುಕೊಂಡವು. ಹಗ್ಗ ಹಿಡಿದು ಆ ತುದಿಯಲ್ಲಿ ನಿಂತಿದ್ದ ಬೀರೇಶ್ ನಮ್ಮನ್ನು ನೋಡಿದ. ಬಾಯ್ತುಂಬ ನಕ್ಕು, ಅಮ್ಮನ ಕಡೆ ನೋಡುತ್ತ ಅಪ್ಪನ ಪ್ಯಾಂಟಿನತ್ತ ಗದ್ದ ತೋರಿಸಿ, ಹೆಬ್ಬೆರಳು ಎತ್ತಿ ಭೇಷ್ ಅನ್ನುವ ಹಾಗೆ ಸನ್ನೆ ಮಾಡಿದ. ಅಮ್ಮ ಮುಖ ತಿರುಗಿಸಿಕೊಂಡಳು.

ಗೇಟಿನ ಹತ್ತಿರ ಬಿಳಿ ಬನಿಯನ್, ಪಂಚೆಯಲ್ಲಿ ನಿಂತಿದ್ದ ವಯಸ್ಸಾದವರು, ಸುಂದರೇಶ ಅವರೇ ಇರಬೇಕು, ಹತ್ತಿರ ಬಂದರು. “ಫೋನು ಮಾಡಿದ್ದು ನೀವೇನಾ? ಬನ್ನಿ ಒಳಗೆ, ಕಾಫಿ ಕುಡೀರಿ. ಅವರು ಈ ಕೊಂಬೆ ಮುಗಿಸಿದ ಮೇಲೇ ಇಳಿಯೋದು.”

ನಾನು ತಲೆ ಆಡಿಸಿದೆ. ಹೌದೆಂದೋ ಇಲ್ಲವೆಂದೋ ಅವರಿಗೆ ತಿಳಿಯದೆ ಅಲ್ಲೇ ನಿಂತರು.

ಕೊಂಬೆ ಲಟಕ್ಕೆಂದು ಮುರಿದು ಹಗ್ಗಕ್ಕೆ ಜೋತುಬಿತ್ತು. ಅಪ್ಪನ ಕಾಲು ಒಂದಿಷ್ಟು ಜಾರಿತು. ಅಮ್ಮ ನನ್ನ ಕೈಗೆ ಉಗುರು ಚುಚ್ಚಿದ್ದು ಆಗ ನೋಯಲಿಲ್ಲ. ಅಪ್ಪ ಸಾವರಿಸಿಕೊಂಡು ನಿಂತರು. ಸದ್ದು ಇಳಿಯಿತು, ಗುರುಗುಟ್ಟಿತು, ನಿಂತಿತು.

ಹೆಲ್ಮೆಟ್ಟು ತೆಗೆದು ತಿರುಗಿದವರು ನಮ್ಮನ್ನು ಕಂಡು ಚೈನ್‌ಸಾ ಕೆಳಗಿಟ್ಟೇಬಿಟ್ಟರು. “ಏನು, ತಾಯಿ ಮಗಳು ಇಬ್ರೂ? ಮನೇಲಿ ಏನಾಯ್ತು?”

ಎಲ್ಲರೂ ನನ್ನ ಕಡೆ ನೋಡಿದರು. ತಿಂಡಿ ತಟ್ಟೆಯವರೂ.

“ಅಪ್ಪ, ಪ್ಯಾಂಟು,” ಅಂದೆ.

“ಪ್ಯಾಂಟಾ?”

ಯಾರೋ ಕಿಸಕ್ಕೆಂದು ನಕ್ಕರು. ಅಪ್ಪ ತಮ್ಮ ಪ್ಯಾಂಟಿನ ಮುಂದೆ ಹಿಂದೆ ನೋಡಿಕೊಂಡರು, ಎಲ್ಲಾದರೂ ಹರಿದಿದೆಯೇನೋ ಅಂತ. ಅದಕ್ಕೆ ಇನ್ನಷ್ಟು ಜನ ನಕ್ಕರು.

ಎಲ್ಲವನ್ನೂ ಹೇಳಬೇಕು ಅಂತ ಬಂದವಳು ನಾನು. ಎಳೆ, ಚೈನು, ಚಕ್ರ, ಹೊಲಿಗೆ, ಯಾವುದರಿಂದ ಶುರು ಮಾಡಲಿ ಅಂತ ನೋಡುತ್ತಿದ್ದೆ. ಆಗ ಅಮ್ಮ ಅಂದಳು, “ನಾನು ಹೊಲಿದಿದ್ದು ತಪ್ಪಂತೆ ಕಣ್ರೀ.”

“ಏನು ತಪ್ಪು? ಬಿಚ್ಕೊಳ್ತಾ? ಎಲ್ಲಿ ಬಿಚ್ಕೊಂಡಿದೆ? ಕಬ್ಬಿಣದ ಹಂಗಿದೆಯಲ್ಲೇ.”

“ಗಟ್ಟಿ ಆಗಿರೋದೇ ತಪ್ಪಂತೆ.”

ಅಪ್ಪ ನನ್ನ ಕಡೆ ನೋಡಿದರು. ಆಮೇಲೆ ಸುತ್ತ ನಿಂತಿದ್ದವರ ಕಡೆ. ಅವರ ದನಿ ತಗ್ಗಿತು. “ಏನಿದು ಸೌಮ್ಯಾ, ಕೆಲಸದ ಜಾಗಕ್ಕೆ ಬಂದು?”

“ಹೊಲಿದ್ರೆ ಎಳೆ ಬರಲ್ಲ ಅಪ್ಪ. ನೀವು ವಿಡಿಯೋದಲ್ಲಿ ನೋಡಿದ್ರಲ್ಲ. ಎಳೆ ಬರದೆ ಇದ್ರೆ ಚೈನು ನಿಲ್ಲಲ್ಲ.”

“ಒಂದು ವಾರದಿಂದ ಹಾಕ್ಕೊಂಡಿದ್ದೀನಿ. ಏನಾಗಿದೆ ನಂಗೆ?”

“ಚೈನು ತಗುಲಿಲ್ಲ. ಅದಕ್ಕೇ ಏನೂ ಆಗಿಲ್ಲ.”

ಇಷ್ಟನ್ನು ನಾನೇ ಅಂದೆನೇ ಅಂತ ನನಗೇ ಆಶ್ಚರ್ಯವಾಯಿತು. ಅಪ್ಪನ ಮುಖ ಕೆಂಪಾಯಿತು. ಸುಂದರೇಶ ಅವರು, “ಓದಿರೋ ಮಗಳು ಹೇಳ್ತಿದ್ದಾಳೆ, ಕೇಳಿ ಸ್ವಲ್ಪ,” ಅಂದದ್ದು ಇನ್ನೂ ತಪ್ಪಾಯಿತು.

“ಇವಳ ಮಾತು ಕೇಳೇ ಸಾರ್ ಈ ಪ್ಯಾಂಟು ತಗೊಂಡಿದ್ದು. ಹಾಕ್ಕೊಳ್ಳಿ ಹಾಕ್ಕೊಳ್ಳಿ ಅಂತ ಪ್ರಾಣ ತಿಂದ್ಳು. ಹಾಕ್ಕೊಂಡೆ. ಈಗ ಬಿಚ್ಚಿ ಅಂತ ಬಂದಿದ್ದಾಳೆ.” ಜನರ ಜೊತೆ ತಾವೂ ನಗಲು ನೋಡಿದರು. “ಹೋಗಮ್ಮ, ಅವರ ಮನೆ ನೆರಳಲ್ಲಿ ಕೂತ್ಕೋ. ಈ ಕಾಂಡ ಎರಡು ತುಂಡು ಮಾಡಿದ್ರೆ ಗೇಟು ಬಿಡುಗಡೆ. ಸಂಜೆ ಮನೇಲಿ ಮಾತಾಡೋಣ.”

ಬಗ್ಗಿ ಚೈನ್‌ಸಾ ಎತ್ತಿಕೊಂಡರು.

ನಾನು ನೆಲಕ್ಕೆ ಬಿದ್ದಿದ್ದ ಕಾಂಡದ ಹತ್ತಿರ ಹೋದೆ. ಅವರು ಎಲ್ಲಿ ಕೊಯ್ಯಬೇಕು ಅಂತ ಮಚ್ಚಿನಲ್ಲಿ ಗುರುತು ಮಾಡಿದ್ದರೋ ಆ ಗುರುತಿನ ಮೇಲೆ ಕುಳಿತುಕೊಂಡೆ. ತೊಗಟೆ ಒದ್ದೆ ಇತ್ತು. ಒಂದು ಚಪ್ಪಲಿ ಜಾರಿ ಎಲೆಯ ರಾಶಿಯೊಳಗೆ ಹೋಯಿತು.

“ಏಳು.”

ನಾನು ಏಳಲಿಲ್ಲ.

“ಸೌಮ್ಯಾ, ಏಳಮ್ಮ. ಜನ ನೋಡ್ತಿದ್ದಾರೆ.”

ಜನ ನೋಡುತ್ತಿದ್ದರು, ಅದು ನನ್ನ ಕಿವಿಗೆ, ಕುತ್ತಿಗೆಗೆ, ಕೈಬೆರಳುಗಳಿಗೆಲ್ಲ ಗೊತ್ತಾಗುತ್ತಿತ್ತು. ಫೋಟೋ ತೆಗೆಯುತ್ತಿದ್ದಾರೋ ಏನೋ. ತಲೆ ಎತ್ತದೆ ಕಾಲಬೆರಳನ್ನು ನೋಡುತ್ತ ಕುಳಿತೆ. ಕೆಂಪಿರುವೆಯೊಂದು ಪಾದ ಹತ್ತುತ್ತಿತ್ತು. ಅದನ್ನು ಕೊಡವಲು ಕೂಡ ನಾನು ಅಲುಗಲಿಲ್ಲ.

“ಪದ್ಮಾ, ಎಬ್ಬಿಸೇ ಅವಳನ್ನ.”

“ನಾನು ಎಬ್ಬಿಸಲ್ಲ,” ಅಂದಳು ಅಮ್ಮ.

ಬೀರೇಶ್ ಹಗ್ಗವನ್ನು ಕಾಂಪೌಂಡಿನ ಕಂಬಕ್ಕೆ ಬಿಗಿದು ಕಟ್ಟಿ ಬಂದ. ಅವನ ಮುಖದಲ್ಲಿ ಈಗ ನಗುವಿರಲಿಲ್ಲ. “ಅಣ್ಣಾ, ನಂದೂ ಅಕ್ಕನ ತಾವ್ ಅದೆ. ನಾಳಿಂದ ನಾನೂ ಮಿಷನ್ ಹಿಡೀಬೇಕು. ಎಂಗೆ ಅಂತ ನೋಡೇ ಬುಡವ. ಒಂದು ದಿಮ್ಮಿಗೆ ಸುತ್ತಿ, ಮಿಷನ್ ಕೊಟ್ ನೋಡವ. ಏನಾದದು, ಒಂದು ಪ್ಯಾಂಟ್ ಆಳಾದದು ಅಷ್ಟೆ.”

“ಹೊಸ ಪ್ಯಾಂಟು ಕಣೋ.”

“ಅಂಗಾರೆ ಸೌಮ್ಯವ್ವನ್ನ ಎಬ್ಬಿಸಿ ಮತ್ತೆ.”

ಅಪ್ಪ ಚೈನ್‌ಸಾವನ್ನು ಮತ್ತೆ ಕೆಳಗಿಟ್ಟರು. ಆಮೇಲೆ, “ನೋಡೇ ಬಿಡೋಣ,” ಅಂದರು, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ. “ನಮ್ಮ ಪದ್ಮನ ಹೊಲಿಗೆ ಅಷ್ಟು ಸುಲಭಕ್ಕೆ ಬಿಡಲ್ಲ.” ಗೂಡ್ಸ್ ಆಟೋದ ಹಿಂದೆ ಹೋಗಿ, ಪ್ಯಾಂಟು ಬಿಚ್ಚಿ, ಲುಂಗಿ ಸುತ್ತಿಕೊಂಡು ಬಂದರು. ಕೊಯ್ದಿಟ್ಟಿದ್ದ ತುಂಡುಗಳಲ್ಲಿ ಒಂದನ್ನು ಬೀರೇಶ್ ಆರಿಸಿದ. ಮೊದಲು ಒಂದನ್ನು ಎತ್ತಿ, ಅಪ್ಪನ ತೊಡೆಯ ಕಡೆ ನೋಡಿ, ಅದು ದಪ್ಪವಾಯಿತು ಅಂತ ಇನ್ನೊಂದು ತೆಗೆದುಕೊಂಡ. ಪ್ಯಾಂಟಿನ ಒಂದು ಕಾಲನ್ನು ಅದಕ್ಕೆ ತೊಡಿಸಿ, ಎರಡೂ ತುದಿ ಹಗ್ಗದಿಂದ ಬಿಗಿದು, ಇಟ್ಟಿಗೆಗಳ ನಡುವೆ ಅಲುಗದ ಹಾಗೆ ಮಲಗಿಸಿದ. ಹಲಗೆಯ ಹಾಗೆ ನಿಲ್ಲುವ ಆ ಬಟ್ಟೆ ದಿಮ್ಮಿಯ ಮೇಲೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ನೋಡುತ್ತಿದ್ದವರಲ್ಲಿ ಒಬ್ಬರು, “ಒಳ್ಳೆ ಫಿಟ್ಟಿಂಗು,” ಅಂದರು.

ಅಪ್ಪ ಹೆಲ್ಮೆಟ್ಟು ಹಾಕಿಕೊಂಡರು. ಎಲ್ಲರನ್ನೂ ಹಿಂದೆ ಸರಿಸಿದರು. ಸ್ಟಾರ್ಟ್ ಮಾಡಲು ಮಿಷನ್ನಿನ ಹಗ್ಗ ಎಳೆದರು. ಮೊದಲ ಸಲ ಮಿಷನ್ ಹಿಡಿಯಲಿಲ್ಲ.

ಚೈನು ನಿಲ್ಲಲಿ ಅಂತಲೇ ನಾನು ಬೇಡಿಕೊಂಡೆ. ನನ್ನ ಮಾತು ಸುಳ್ಳಾಗಲಿ. ಈ ಬೀದಿಯ ಮಧ್ಯೆ ಅಪ್ಪನ ಮರ್ಯಾದೆ ತೆಗೆದದ್ದಕ್ಕೆ, ಅಮ್ಮನ ಹೊಟ್ಟೆ ಉರಿಸಿದ್ದಕ್ಕೆ ನನ್ನನ್ನು ಎಷ್ಟು ಬೇಕಾದರೂ ಬೈಯಲಿ. ಚೈನು ಆ ಬಟ್ಟೆಗೆ ತಗುಲಿದ ಕೂಡಲೇ ನಿಂತುಬಿಡಲಿ. ಹಾಗೆ ನಿಂತರೆ ಸಂಜೆ ನಾನು ತಲೆ ತಗ್ಗಿಸಿ ಊಟ ಬಡಿಸುತ್ತೇನೆ, ಅಷ್ಟೇ ತಾನೆ. ಅಮ್ಮ ನನ್ನ ಪಕ್ಕ ಬಂದು ನಿಂತಿದ್ದಳು. ಅವಳ ತುಟಿಯೂ ಅಲುಗುತ್ತಿತ್ತು.

ಎರಡನೆಯ ಸಲ ಮಿಷನ್ ಹಿಡಿಯಿತು. ಅಪ್ಪ ಅಲಗನ್ನು ನಿಧಾನಕ್ಕೆ ಇಳಿಸಿದರು.

ಹೊರಬಟ್ಟೆ ಬಾಯಿಬಿಟ್ಟಿತು. ಬಿಳಿ ಎಳೆಗಳು ಕಾಣಿಸಿಕೊಂಡವು. ಒಂದು ಕ್ಷಣ ಅವು ಕದಲಿದವು, ಚೈನಿನ ಹಿಂದೆ ಹೊರಟವು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಮೊದಲ ಕಪ್ಪು ಹೊಲಿಗೆ ಅವನ್ನು ತಡೆಯಿತು. ಎಳೆಗಳು ಬಿಗಿದುಕೊಂಡು ನಿಂತವು, ಹೊಲಿಗೆ ಬಿಟ್ಟುಕೊಡಲಿಲ್ಲ, ಎಳೆಗಳು ತುಂಡಾದವು. ಎರಡನೆಯ ಪದರ, ಮೂರನೆಯದು. ಗಾಳಿಯಲ್ಲಿ ಕಿತ್ತಳೆ ಬಣ್ಣದ ನಾರು ಹಾರುತ್ತಿತ್ತು. ಆಮೇಲೆ ಬಿಳಿ. ಆಮೇಲೆ ಹಸಿ ಮರದ ಪುಡಿ.

ಸದ್ದು ಮುಗ್ಗರಿಸಿತು. ನಿಂತಿತು. ಚೈನು ತಾನಾಗಿ ನಿಂತಿತೋ, ಮರದ ಪುಡಿ ಕಂಡು ಅಪ್ಪನೇ ಬೆರಳು ತೆಗೆದರೋ ನನಗೆ ತಿಳಿಯಲಿಲ್ಲ. ಅಪ್ಪನಿಗೂ ತಿಳಿದಿರಲಿಕ್ಕಿಲ್ಲ. ಹೆಲ್ಮೆಟ್ಟು ತೆಗೆಯದೆ ಹಾಗೇ ಬಗ್ಗಿ ನಿಂತಿದ್ದರು.

ಬೀರೇಶ್ ಹಗ್ಗ ಬಿಚ್ಚಿ ಬಟ್ಟೆಯನ್ನು ಹಿಂದಕ್ಕೆ ಸರಿಸಿದ. ದಿಮ್ಮಿಯಲ್ಲಿ ಸೀಳು ಬಿದ್ದಿತ್ತು. ನೆರೆಯವರು ಹತ್ತಿರ ಬಂದು ನೋಡಿದರು. ಯಾರೂ ನಗಲಿಲ್ಲ.

“ನಿಂತದಲ್ಲ ಅಣ್ಣಾ, ಒಂದ್ ತಾವ್ ನಿಂತದೆ,” ಅಂದ ಬೀರೇಶ್, ಅಮ್ಮನ ಮುಖ ನೋಡಿ. “ಪೂರಾ ಓಗಿಲ್ಲ.”

ಅಮ್ಮ ಅವನನ್ನು ಪಕ್ಕಕ್ಕೆ ಸರಿಸಿ ದಿಮ್ಮಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಬ್ಲೌಸಿನ ಅಳತೆ ತೆಗೆಯುವಾಗ ನೋಡುವ ಹಾಗೆ, ಕಣ್ಣು ಕಿರಿದು ಮಾಡಿ ಆ ಸೀಳನ್ನು ನೋಡಿದಳು. ಆಮೇಲೆ ತೋರುಬೆರಳನ್ನು ಅದರೊಳಗೆ ಇಟ್ಟಳು. ಉಗುರು ಮುಳುಗಿತು. ಮೊದಲನೆಯ ಗೆಣ್ಣು ಮುಳುಗಿತು. ಎರಡನೆಯ ಗೆಣ್ಣಿಗೆ ಬಂದು ಬೆರಳು ನಿಂತಿತು.

“ರೀ,” ಅಂದಳು, ತಲೆ ಎತ್ತದೆ. “ಇದು ನಿಮ್ಮ ಯಾವ ಕಾಲು?”

ಅಪ್ಪ ಲುಂಗಿಯ ಕೆಳಗೆ ಕಾಣುತ್ತಿದ್ದ ತಮ್ಮ ಕಾಲುಗಳನ್ನು ಒಂದು ಸಲ ನೋಡಿಕೊಂಡರು. ಆಮೇಲೆ ಚೈನ್‌ಸಾ ಎತ್ತಿಕೊಂಡು ಹೋಗಿ ಗೂಡ್ಸ್ ಆಟೋದೊಳಗೆ ಇಟ್ಟರು. ಬರುವಾಗ ಅವರ ಕೈಯಲ್ಲಿ ತುಕ್ಕು ಹಿಡಿದ ಉದ್ದನೆಯ ಕೈಗರಗಸ ಇತ್ತು, ಎರಡೂ ತುದಿಗೆ ಹಿಡಿ ಇರುವಂಥದ್ದು.

“ಸಾರ್, ಸಂಜೆ ಆಗುತ್ತೆ,” ಅಂದರು ಸುಂದರೇಶ ಅವರಿಗೆ.

“ಆಗ್ಲಿ ಬಿಡಿ,” ಅಂದರು ಅವರು. “ಗೇಟು ಎಲ್ಲಿಗೆ ಹೋಗುತ್ತೆ.”

“ಬೀರೇಶ, ಆ ಕಡೆ ಹಿಡ್ಕೋ.” ಅಪ್ಪ ಕಾಂಡದ ಹತ್ತಿರ ಬಂದು ನನ್ನ ಎದುರಿಗೆ ನಿಂತರು. ನನ್ನ ಮುಖ ನೋಡಲಿಲ್ಲ. ಎಲೆಯ ರಾಶಿಯಲ್ಲಿ ಕೈಯಾಡಿಸಿ, ಕಳೆದುಹೋದ ಚಪ್ಪಲಿ ಹುಡುಕಿ ನನ್ನ ಪಾದದ ಹತ್ತಿರ ಇಟ್ಟರು.

“ಈಗ ಏಳಮ್ಮ.”

ಏಳಲು ನೋಡಿದೆ. ಕಾಲು ಜೋಮು ಹಿಡಿದಿತ್ತು, ನೆಲ ಸಿಗಲಿಲ್ಲ. ಅಪ್ಪ ಗರಗಸವನ್ನು ಕಾಂಡಕ್ಕೆ ಒರಗಿಸಿ ತೋಳು ಚಾಚಿದರು. ಆ ತೋಳು ಹಿಡಿದು ನಿಂತಾಗಲೂ ಅಮ್ಮನ ಬೆರಳು ದಿಮ್ಮಿಯೊಳಗೇ ಇತ್ತು.